ಮನೆ ಕಟ್ಟುವ ಮೊದಲು ಬಿಲ ನೋಡುವ ಕಾಯಿದೆ

(ಮಿಲ್ ಕೆಲಸಗಾರರ ವಾಚನಾಲಯದಲ್ಲಿ ಕಳೆದ ಭಾನುವಾರ ಸಂಜೆ ನಡೆದ ಸಭೆಯಲ್ಲಿ, ನಗರಸಭೆಯ ಕಟ್ಟಡ ಪರವಾನಗಿ ಶಾಖೆಯಿಂದ ನಿವೃತ್ತರಾದ ಗುಮಾಸ್ತರೊಬ್ಬರು ಮಾಡಿದ ಭಾಷಣ.)



ಬೋನಸ್ಸಿನ ಮಾತಿಲ್ಲ, ಜಿ.ಎಸ್.ಟಿ.ಯ ಮಾತಿಲ್ಲ, ಇಂಗ್ಲೆಂಡಿನ ಯಾವುದೋ ಬಿಲದ ಪ್ರಾಣಿಯ ಕಥೆ ಕೇಳಲು ನಮ್ಮನ್ನು ಯಾಕೆ ಕೂರಿಸಿದಿರಿ ಎಂದು ಹಿಂದಿನ ಬೆಂಚಿನವರೊಬ್ಬರು ಆಗಲೇ ಕೇಳಿದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರವನ್ನು ಈಗಲೇ ಹೇಳಿದರೆ ನೀವು ಎದ್ದು ಹೋಗುತ್ತೀರಿ. ಆದ್ದರಿಂದ ಕೊನೆಯಲ್ಲಿ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ತಿಳಿದಿರಲಿ: ಇದು ಪ್ರಾಣಿಯ ಕಥೆಯಂತೆ ಕಂಡರೂ ಮನೆಯ ಕಥೆ, ನೆಲದ ಕಥೆ, ನೆಲದ ಮೇಲೆ ಯಾರ ಮಾತು ನಡೆಯಬೇಕು ಎಂಬುದರ ಕಥೆ.

ನನ್ನ ಮಗಳು ಲ್ಯಾಂಕಶೈರಿನ ಒಂದು ಊರಿನಲ್ಲಿ ಆಸ್ಪತ್ರೆಯ ನರ್ಸು. ಲ್ಯಾಂಕಶೈರ್ ಎಂದರೆ ನಿಮಗೆ ಗೊತ್ತು. ನಮ್ಮ ನೇಕಾರರ ಹೊಟ್ಟೆಯ ಮೇಲೆ ಹೊಡೆದ ಬಟ್ಟೆ ಬಂದದ್ದು ಅಲ್ಲಿಂದ. ಆದರೆ ಆ ಬಟ್ಟೆ ನೇಯ್ದವರೂ ನಿಮ್ಮಂಥ ಕೆಲಸಗಾರರೇ. 1931ರಲ್ಲಿ ಗಾಂಧೀಜಿ ಅಲ್ಲಿನ ಡಾರ್ವೆನ್ ಎಂಬ ಊರಿಗೆ ಹೋದಾಗ, ಖಾದಿಯಿಂದ ಕೆಲಸ ಕಳೆದುಕೊಂಡ ಆ ಮಿಲ್ ಜನರೇ ಅವರನ್ನು ಪ್ರೀತಿಯಿಂದ ಸ್ವಾಗತಿಸಿದರು. ಈಗ ಅಲ್ಲಿಯ ಹತ್ತಿ ಮಿಲ್ಲುಗಳ ಕಾಲ ಮುಗಿದಿದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವೊಂದಿತ್ತಲ್ಲ. ಅದರ ಗತಿಯೇ ಮೂಲ ಮ್ಯಾಂಚೆಸ್ಟರಿನ ಸುತ್ತಲ ಊರುಗಳಿಗೂ ಆಯಿತು. ಮಿಲ್ಲು ನಿಂತಿತು, ಜಾಗ ಉಳಿಯಿತು. ಆ ಜಾಗದಲ್ಲಿ ಮನೆ ಕಟ್ಟುವವರು ಬಂದರು.

ಮಗಳ ಮನೆಯ ಹಿಂದೆಯೇ ಅಂಥದೊಂದು ಖಾಲಿ ಮಿಲ್ ಅಂಗಳ. ಅದರ ಆಚೆಗೆ ರೈಲು ನಿಂತುಹೋದ ಹಳೆಯ ರೈಲ್ವೆ ಏರಿ, ಅದರ ಮೇಲೆಲ್ಲ ಮುಳ್ಳುಪೊದೆ. 2022ರ ಫೆಬ್ರವರಿಯಲ್ಲಿ ನಾನು ಅಲ್ಲಿಗೆ ಹೋದಾಗ ಬೀದಿಯ ದೀಪದ ಕಂಬಕ್ಕೆ ಒಂದು ನೋಟೀಸು ಕಟ್ಟಿದ್ದರು. ಮೂವತ್ತು ವರ್ಷ ಪರವಾನಗಿ ಶಾಖೆಯಲ್ಲಿ ಮೊಹರು ಒತ್ತಿದ ಕೈ ನೋಡಿ! ಚಳಿಯಲ್ಲಿ ನಿಂತು ಪೂರ್ತಿ ಓದಿದೆ. ಒಂದು ಕಂಪನಿ ಅಲ್ಲಿ 64 ಮನೆ ಕಟ್ಟಲು ಅರ್ಜಿ ಹಾಕಿದೆ. ಅದರಲ್ಲಿ 16 ಕಡಮೆ ಬಾಡಿಗೆಯ ಮನೆಗಳು. ಯಾರಾದರೂ ಹೇಳುವುದಿದ್ದರೆ 21 ದಿನದೊಳಗೆ ಹೇಳಬಹುದು.

ಅದನ್ನು ಓದುತ್ತಿದ್ದಾಗಲೇ ಪಕ್ಕದ ಮನೆಯ ಹಿರಿಯರು ಬಂದು ನಿಂತರು. ಎಂಬತ್ತರ ಸಮೀಪದವರು, ಅದೇ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ದುಡಿದವರು. ಅವರ ಮೊಮ್ಮಗಳು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಒಂದು ಬಾಡಿಗೆ ಕೋಣೆಯಲ್ಲಿದ್ದಳು, ಕೌನ್ಸಿಲಿನ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದಳು. "ಈ 16ರಲ್ಲಿ ಒಂದು ಅವಳಿಗೆ ಸಿಗಬೇಕು" ಎಂದರು ಆ ಹಿರಿಯರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಆ ಏರಿಯಲ್ಲಿ ಬ್ಯಾಜರುಗಳಿವೆ, ಗೊತ್ತೆ?" ಎಂದರು.

ಬ್ಯಾಜರ್ ಎಂದರೇನು?

ನಮ್ಮ ಕಾವೇರಿ ಸೀಮೆಯ ಕಾಡಿನಲ್ಲಿ ತರಕರಡಿ ಎಂಬ ಪ್ರಾಣಿಯಿದೆ. ಅದರ ದೂರದ ನೆಂಟ ಈ ಬ್ಯಾಜರ್. ಹತ್ತು ಹನ್ನೆರಡು ಕಿಲೋ ತೂಕ, ಗಿಡ್ಡ ಕಾಲು, ಬೂದು ಮೈ, ಬಿಳಿಯ ಮುಖದ ಮೇಲೆ ಎರಡು ಕಪ್ಪು ಪಟ್ಟೆ. ಹಗಲೆಲ್ಲ ನೆಲದಡಿಯಲ್ಲಿ ಮಲಗಿದ್ದು ಕತ್ತಲಾದ ಮೇಲೆ ರಾತ್ರಿ ಪಾಳಿಗೆ ಹೊರಡುತ್ತದೆ. ಮುಖ್ಯ ಆಹಾರ ಎರೆಹುಳು. ಕುಟುಂಬ ಕುಟುಂಬವಾಗಿ ಬಾಳುವ ಪ್ರಾಣಿ. ಅಜ್ಜ ತೋಡಿದ ಬಿಲದಲ್ಲಿ ಮೊಮ್ಮಗ ಇರುತ್ತಾನೆ. ನೂರು ವರ್ಷ ದಾಟಿದ ಬಿಲಗಳೂ ಉಂಟು. ಅಣ್ಣತಮ್ಮಂದಿರು ಪಾಲಿಗಾಗಿ ಕೋರ್ಟಿಗೆ ಹೋದದ್ದು ಮಾತ್ರ ಈವರೆಗೆ ವರದಿಯಾಗಿಲ್ಲ.

ಇದನ್ನು ಇಂಗ್ಲಿಷ್ ಜನ ಮೊದಲಿನಿಂದ ಪೂಜಿಸಿದವರಲ್ಲ. ಬಿಲದಿಂದ ಅಗೆದು ತೆಗೆದು, ಅದರ ಮೇಲೆ ನಾಯಿಗಳನ್ನು ಬಿಟ್ಟು, ಪಂದ್ಯ ಕಟ್ಟಿ ನೋಡುವುದು ಅಲ್ಲಿಯ ಹಳೆಯ ಮೋಜು. 1835ರಲ್ಲಿಯೇ ಅದನ್ನು ನಿಷೇಧಿಸಿದರೂ ಕಳ್ಳತನದಲ್ಲಿ ನಡೆದೇ ಇತ್ತು. 1948ರಲ್ಲಿ ಅರ್ನೆಸ್ಟ್ ನೀಲ್ ಎಂಬ ಶಾಲಾಮಾಸ್ತರು, ರಾತ್ರಿಗಳನ್ನು ಕಾಡಿನಲ್ಲಿ ಕಳೆದು ಕಂಡದ್ದನ್ನೆಲ್ಲ ಬ್ಯಾಜರ್ ಎಂಬ ಪುಸ್ತಕದಲ್ಲಿ ಬರೆದರು. ಜನ ಆ ಪ್ರಾಣಿಯನ್ನು ಬೇರೆ ಕಣ್ಣಿನಿಂದ ನೋಡಲು ಕಲಿತರು. 1973ರಲ್ಲಿ ಮೊದಲ ಬ್ಯಾಜರ್ ಕಾಯಿದೆ ಬಂತು. 1991ರಲ್ಲಿ ಪ್ರಾಣಿಗೆ ಮಾತ್ರವಲ್ಲ, ಅದರ ಬಿಲಕ್ಕೂ ರಕ್ಷಣೆ ಸಿಕ್ಕಿತು. ಎಲ್ಲವನ್ನೂ ಒಟ್ಟುಗೂಡಿಸಿ 1992ರ ಬ್ಯಾಜರ್ ರಕ್ಷಣಾ ಕಾಯಿದೆ ಮಾಡಿದರು. ಅದರ ಪ್ರಕಾರ ಬ್ಯಾಜರನ್ನು ಕೊಲ್ಲುವುದು, ಹಿಡಿಯುವುದು, ಹಿಂಸಿಸುವುದು ಅಪರಾಧ. ಅದು ವಾಸವಾಗಿರುವ ಬಿಲವನ್ನು ಕೆಡವುವುದು, ಬಾಯಿ ಮುಚ್ಚುವುದು, ಒಳಗಿರುವಾಗ ಕಾಟ ಕೊಡುವುದು ಕೂಡ ಅಪರಾಧ. ಇಂಗ್ಲೆಂಡಿನಲ್ಲಿ ಆರು ತಿಂಗಳವರೆಗೆ ಜೈಲು, ಮಿತಿಯಿಲ್ಲದ ದಂಡ.

ಒಂದು ವಿಷಯ ಗಮನಿಸಿ. ಬ್ಯಾಜರ್ ಅಳಿದುಹೋಗುತ್ತಿರುವ ಪ್ರಾಣಿಯಲ್ಲ. ಅದರ ಸಂಖ್ಯೆ ಕಡಮೆಯೆಂಬುದಕ್ಕಿಂತ ಹೆಚ್ಚಾಗಿ ಅದಕ್ಕೆ ಆಗುತ್ತಿದ್ದ ಕ್ರೌರ್ಯವನ್ನು ತಡೆಯಲೆಂದೇ ಈ ಕಾಯಿದೆ ಬಂದದ್ದು. ಆದ್ದರಿಂದ ಕಾಯಿದೆಯ ಮಾತು "ಇಲ್ಲಿ ಕಟ್ಟಲೇಬೇಡಿ" ಎಂದಲ್ಲ. "ಒಳಗೆ ಜೀವವಿರುವ ಮನೆಯನ್ನು ನೋಡದೆ ಕೆಡವಬೇಡಿ" ಎಂದು.

ಪರವಾನಗಿ ಯಾಕೆ ಕೇಳಬೇಕು?

ಇಲ್ಲಿ ಇನ್ನೊಂದು ಕಾಯಿದೆಯ ಮಾತು ಬರುತ್ತದೆ. ನನ್ನ ಜಮೀನು, ನನ್ನ ದುಡ್ಡು, ನಾನು ಕಟ್ಟುತ್ತೇನೆ, ಕೇಳಲು ನೀನು ಯಾರು ಎಂದು ಮಾಲಿಕ ಕೇಳಬಹುದು. 1947ರಲ್ಲಿ ಅಟ್ಲೀಯವರ ಲೇಬರ್ ಸರಕಾರ ಇದಕ್ಕೆ ಉತ್ತರ ಕೊಟ್ಟಿತು. ಯೋಜನಾ ಮಂತ್ರಿ ಲೂಯಿಸ್ ಸಿಲ್ಕಿನ್ ತಂದ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯಿದೆ ಜಮೀನನ್ನು ಮಾಲಿಕನ ಹೆಸರಿನಲ್ಲೇ ಬಿಟ್ಟಿತು; ಆದರೆ ಅದರ ಮೇಲೆ ಹೊಸದಾಗಿ ಕಟ್ಟುವ ಹಕ್ಕನ್ನು ಸಮಾಜದ ಕೈಗೆ ತೆಗೆದುಕೊಂಡಿತು. 1948ರ ಜುಲೈ 1ರಿಂದ ಅಲ್ಲಿ ಕಟ್ಟಬೇಕಾದವನು ಸ್ಥಳೀಯ ಕೌನ್ಸಿಲಿನ ಪರವಾನಗಿ ಪಡೆಯಬೇಕು. ಪರವಾನಗಿಯಿಂದ ಜಮೀನಿಗೆ ಏರುವ ಬೆಲೆಯೂ ಸಮಾಜಕ್ಕೇ ಸೇರಬೇಕೆಂದು ನೂರಕ್ಕೆ ನೂರು ಕರ ಹಾಕಿದ್ದರು. ಮುಂದೆ ಬಂದ ಕನ್ಸರ್ವೇಟಿವ್ ಸರಕಾರ 1953ರಲ್ಲಿ ಆ ಕರವನ್ನು ತೆಗೆದುಹಾಕಿತು. ಪರವಾನಗಿ ಉಳಿಯಿತು, ಏರಿದ ಬೆಲೆ ಮಾಲಿಕನ ಜೇಬಿಗೆ ಹೋಯಿತು. ಈ ಅರ್ಧ ಉಳಿದ, ಅರ್ಧ ಹೋದ ಸಂಗತಿಯನ್ನು ನೆನಪಿನಲ್ಲಿಡಿ.

ಪರವಾನಗಿ ಕೊಡುವ ಮೊದಲು ಕೌನ್ಸಿಲು ನೋಡಬೇಕಾದ ವಿಷಯಗಳಲ್ಲಿ ರಕ್ಷಿತ ಪ್ರಾಣಿಗಳೂ ಸೇರಿವೆ. 2005ರ ಸರಕಾರಿ ಸುತ್ತೋಲೆಯೊಂದು ಇದನ್ನು ಬಿಚ್ಚಿ ಹೇಳಿತು: ಪ್ರಾಣಿ ಇದೆಯೋ ಇಲ್ಲವೋ, ಕಟ್ಟಡದಿಂದ ಅದಕ್ಕೆ ಏನಾಗುತ್ತದೆ ಎಂಬುದು ಪರವಾನಗಿಗೆ ಮುಂಚೆ ತಿಳಿಯಬೇಕು, ಮೊದಲು ಪರವಾನಗಿ, ಆಮೇಲೆ ಸರ್ವೆ ಎನ್ನುವುದು ತೀರ ಅಪರೂಪಕ್ಕೆ ಮಾತ್ರ. ಆದರೆ ಆ ಸರ್ವೆಗೆ ಹಣ ಕೊಡುವವರು ಯಾರು? ಅರ್ಜಿ ಹಾಕಿದ ಕಂಪನಿಯೇ. ಸರ್ವೆ ಮಾಡುವವರನ್ನು ಗೊತ್ತುಮಾಡುವವರೂ ಅವರೇ. ವರದಿ ಬಂದ ಮೇಲೆ ಅದನ್ನು ಪರೀಕ್ಷಿಸಲು ಅನೇಕ ಕೌನ್ಸಿಲುಗಳಲ್ಲಿ ಈ ವಿದ್ಯೆ ಬಲ್ಲ ಸ್ವಂತ ನೌಕರರೇ ಇಲ್ಲ. ತಕ್ಕಡಿ ಹಿಡಿದವನೇ ಮಾಲು ಮಾರುವವನಾದರೆ ತೂಕ ಹೇಗಿರುತ್ತದೆಂದು ಅಂಗಡಿಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ.

ಮುದುಕರ ಸಾಕ್ಷಿ

ನಮ್ಮ ಮಿಲ್ ಅಂಗಳದ ಅರ್ಜಿಯ ಜೊತೆಗೂ ಒಂದು ವರದಿ ಇತ್ತು. ಹಿಂದಿನ ಆಗಸ್ಟಿನಲ್ಲಿ, ಪೊದೆಯೂ ತುರುಚೆಯೂ ಎದೆಯೆತ್ತರ ಬೆಳೆದಾಗ, ಒಬ್ಬರು ಬೇಲಿಯ ಒಳಗಡೆ ಒಂದು ಸುತ್ತು ಬಂದು "ಬ್ಯಾಜರಿನ ಗುರುತು ಕಾಣಲಿಲ್ಲ" ಎಂದು ಬರೆದುಕೊಟ್ಟಿದ್ದರು. ಬೇಲಿಯಾಚೆಯ ಏರಿಯನ್ನು ನೋಡಿಯೇ ಇರಲಿಲ್ಲ. ಗಡಿಯಿಂದ ಕಡಮೆಪಕ್ಷ 30 ಮೀಟರು ಆಚೆಗೂ ನೋಡುವುದು ವಾಡಿಕೆ, ಯಾಕೆಂದರೆ ಬಿಲದ ಬಾಯಿ ಏರಿಯಲ್ಲಿದ್ದರೂ ಅದರ ಸುರಂಗ ಅಂಗಳದೊಳಕ್ಕೆ ಬಂದಿರಬಹುದು. ಮೇಲೆ ಯಂತ್ರ ಓಡಿದರೆ ಒಳಗೆ ಕುಸಿಯುತ್ತದೆ.

ಬೀದಿಯವರೆಲ್ಲ ಒಂದು ಸಂಜೆ ಸೇರಿದರು. ಎರಡು ಪಕ್ಷಗಳಾದವು. ಆ ಕಡೆಯ ದೊಡ್ಡ ಮನೆಯವರೊಬ್ಬರು ಬ್ಯಾಜರಿನ ಬಗ್ಗೆ ಬಹಳ ಕನಿಕರದಿಂದ ಮಾತನಾಡಿದರು. ಬ್ಯಾಜರನ್ನು ಎಂದಾದರೂ ನೋಡಿದ್ದೀರಾ ಎಂದು ಯಾರೋ ಕೇಳಿದಾಗ ಇಲ್ಲವೆಂದರು. ಸ್ವಲ್ಪ ಹೊತ್ತಿಗೆ ನಿಜ ಹೊರಗೆ ಬಂತು: ಕಡಮೆ ಬಾಡಿಗೆಯ ಮನೆಗಳು ಬಂದರೆ ತಮ್ಮ ಮನೆಯ ಬೆಲೆ ಇಳಿಯುತ್ತದೆ ಎಂಬ ಭಯ. ಇಂಥ ಪ್ರಾಣಿದಯೆಯೂ ಲೋಕದಲ್ಲಿದೆ, ಗೆಳೆಯರೆ. ಅದರ ಬಗ್ಗೆ ಎಚ್ಚರವಾಗಿರಬೇಕು. ಬಡವನ ಮನೆಯನ್ನು ತಡೆಯಲು ಮೂಕಪ್ರಾಣಿಯನ್ನು ವಕೀಲನನ್ನಾಗಿ ಹಿಡಿಯುವ ಜನ ಎಲ್ಲ ದೇಶದಲ್ಲೂ ಇದ್ದಾರೆ.

ಆಗ ನಮ್ಮ ಪಕ್ಕದ ಮನೆಯ ಹಿರಿಯರು ಎದ್ದು ನಿಂತರು. ಅವರ ಮಾತಿನ ಸಾರ ಇಷ್ಟು: "ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಬರುವಾಗ ಆ ಏರಿಯ ಕೆಳಗೆ ನಾನು ಬ್ಯಾಜರುಗಳನ್ನು ನೋಡಿದ್ದೇನೆ. ಮೊನ್ನೆಯೂ ಕಾಲುದಾರಿ ಹೊಸದಾಗಿ ಸವೆದಿತ್ತು. ಈ ಮನೆಗಳು ಏಳಲಿ ಎಂದು ಈ ಕೋಣೆಯಲ್ಲಿ ನನ್ನಷ್ಟು ಬಯಸುವವರು ಯಾರೂ ಇಲ್ಲ. ಆದರೆ ವರದಿ ಸುಳ್ಳು. ಸುಳ್ಳಿನ ಮೇಲೆ ಎದ್ದ ಮನೆಯಲ್ಲಿ ನನ್ನ ಮೊಮ್ಮಗಳು ಇರುವುದು ಬೇಡ."

ಅವರು ಅದನ್ನೇ ಬರೆದು ಕೌನ್ಸಿಲಿಗೆ ಕಳುಹಿಸಿದರು. ಮೊಮ್ಮಗಳು ಎರಡು ವಾರ ಅವರೊಡನೆ ಮಾತು ಬಿಟ್ಟಳು. ಅವಳ ತಪ್ಪೇನೂ ಇಲ್ಲ. ಒಂದು ಕೋಣೆಯಲ್ಲಿ ಎರಡು ಮಕ್ಕಳೊಡನೆ ಇರುವವಳಿಗೆ ಏರಿಯ ಪ್ರಾಣಿ ಹತ್ತಿರವೋ, ಮಗುವಿನ ಕೆಮ್ಮು ಹತ್ತಿರವೋ?

ಎರಡನೆಯ ಸರ್ವೆ

ಕೌನ್ಸಿಲು ಮತ್ತೆ ಸರ್ವೆ ಮಾಡಿಸಿ ಎಂದಿತು. ಮಾರ್ಚಿಯಲ್ಲಿ ಒಬ್ಬ ತರುಣಿ ಬಂದಳು. ಗಿಡ ಇನ್ನೂ ಚಿಗುರದ, ನೆಲ ಬರಿದಾಗಿ ಕಾಣುವ ಕಾಲ. ಸರ್ವೆಗೆ ಅದೇ ಒಳ್ಳೆಯ ಕಾಲ. ಮಾಡಲು ಬೇರೆ ಕೆಲಸವಿಲ್ಲದ ನಾನು ಬೇಲಿಯ ಈಚೆ ನಿಂತು ನೋಡಿದೆ. ಆಕೆ ಬೇಸರಿಸದೆ ಎಲ್ಲ ವಿವರಿಸಿದಳು.

ಮೊದಲು ಬಿಲದ ಬಾಯಿ. ಮೊಲದ್ದು ಸಣ್ಣದು, ನರಿಯದು ಎತ್ತರ ಹೆಚ್ಚು, ಅಗಲ ಕಡಮೆ, ಬ್ಯಾಜರಿನದು ಎತ್ತರಕ್ಕಿಂತ ಅಗಲ ಹೆಚ್ಚು, ಒಂದು ಗೇಣಿಗಿಂತಲೂ ಅಗಲ, ತಳ ಚಪ್ಪಟೆ. ಬಾಯಿಯ ಮುಂದೆ ರಾಶಿ ಮಣ್ಣು, ಅದರಲ್ಲಿ ಹಳೆಯ ಹಾಸಿಗೆಯ ಹುಲ್ಲು. ಬ್ಯಾಜರ್ ತನ್ನ ಹಾಸಿಗೆಯನ್ನು ಆಗಾಗ ಹೊರಗೆ ಹಾಕಿ ಹೊಸ ಹುಲ್ಲನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೆಜ್ಜೆಯಲ್ಲಿ ಐದು ಬೆರಳು ಸಾಲಾಗಿ, ಮುಂದೆ ಉದ್ದ ಉಗುರಿನ ಗುರುತು. ತಂತಿಯಲ್ಲಿ ಸಿಕ್ಕಿಕೊಂಡ ಕೂದಲನ್ನು ಆಕೆ ನನ್ನ ಕೈಗೆ ಕೊಟ್ಟಳು: "ಬೆರಳಲ್ಲಿ ಹೊಸೆದು ನೋಡಿ." ಹೊಸೆದೆ. ನಮ್ಮ ಕೂದಲಿನಂತೆ ಉರುಳಲಿಲ್ಲ. ತಡೆದು ತಡೆದು ತಿರುಗಿತು. ಅದು ದುಂಡಗಿಲ್ಲ, ಚಪ್ಪಟೆ. ಹಿಂದೆ ಕ್ಷೌರದ ಒಳ್ಳೆಯ ಬ್ರಷ್ಷುಗಳಿಗೆ ಹಾಕುತ್ತಿದ್ದದ್ದು ಈ ಕೂದಲನ್ನೇ.

ಇನ್ನು ಮಲ. ಬ್ಯಾಜರ್ ಎಲ್ಲೆಂದರಲ್ಲಿ ಹೋಗುವ ಪ್ರಾಣಿಯಲ್ಲ. ಸಣ್ಣ ಗುಂಡಿ ತೋಡಿ ಅಲ್ಲೇ ಹೋಗುತ್ತದೆ, ತನ್ನ ಸರಹದ್ದಿನಲ್ಲಿ ಅಂಥ ಗುಂಡಿಗಳನ್ನು ಗಡಿಕಲ್ಲಿನಂತೆ ಇಟ್ಟುಕೊಳ್ಳುತ್ತದೆ. ಯಾವ ಕುಟುಂಬದ ಸರಹದ್ದು ಎಲ್ಲಿಯವರೆಗೆ ಎಂದು ತಿಳಿಯಲು ಒಂದು ಉಪಾಯವಿದೆ. ಕಡಲೆಕಾಯಿ ಬೀಜವನ್ನು ಸಿಹಿ ಪಾಕದಲ್ಲಿ ಕಲಸಿ, ಅದಕ್ಕೆ ಬಣ್ಣದ ಸಣ್ಣ ಪ್ಲಾಸ್ಟಿಕ್ ಕಾಳು ಸೇರಿಸಿ ಬಿಲದ ಬಳಿ ಇಡುತ್ತಾರೆ. ಈ ಬಿಲಕ್ಕೆ ಕೆಂಪು, ಆ ಬಿಲಕ್ಕೆ ನೀಲಿ. ಕೆಲವು ದಿನ ಬಿಟ್ಟು ಯಾವ ಗುಂಡಿಯಲ್ಲಿ ಯಾವ ಬಣ್ಣ ಸಿಕ್ಕಿತೆಂದು ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ನಮ್ಮ ಶಾನುಭೋಗರ ಲೆಕ್ಕವೂ ಇಷ್ಟು ಚೊಕ್ಕಟವಾಗಿರಲಿಲ್ಲ!

ಕೊನೆಗೆ ವರದಿ ಬಂತು. ಏರಿಯಲ್ಲಿ ದೊಡ್ಡ ಬಿಲ. ಮರಿ ಹಾಕುವ ಮೂಲಮನೆ ಅದು. ಅಂಗಳದೊಳಗೆ ಒಂದೇ ಬಾಯಿಯ ಸಣ್ಣ ಬಿಲ. ಆಗೊಮ್ಮೆ ಈಗೊಮ್ಮೆ ಬಂದು ಮಲಗುವ ಜಾಗ. ಆಕೆಯ ಸಲಹೆ: ಏರಿಯ ಕಡೆ 30 ಮೀಟರು ಬಿಟ್ಟು ಕಟ್ಟಿ, ಬ್ಯಾಜರು ಓಡಾಡುವ ದಾರಿಯನ್ನು ಹಸಿರು ಪಟ್ಟಿಯಾಗಿ ಉಳಿಸಿ, ರಾತ್ರಿ ದೀಪ ಅತ್ತ ಹೊಡೆಯದಿರಲಿ, ತೋಡಿದ ಗುಂಡಿಯಲ್ಲಿ ರಾತ್ರಿ ಹೊತ್ತು ಹಲಗೆ ಇಡಿ, ಬಿದ್ದ ಪ್ರಾಣಿ ಹತ್ತಿ ಬರಲಿ. ಅಂಗಳದ ಸಣ್ಣ ಬಿಲವನ್ನು ಮುಚ್ಚಬಹುದು, ಆದರೆ ಲೈಸೆನ್ಸು ಬೇಕು. ಅದನ್ನು ಕೊಡುವುದು ನ್ಯಾಚುರಲ್ ಇಂಗ್ಲೆಂಡ್ ಎಂಬ ಸರಕಾರಿ ಸಂಸ್ಥೆ. ಬಿಲ ಮುಚ್ಚುವ ಕೆಲಸವನ್ನು ಸಾಮಾನ್ಯವಾಗಿ ಜುಲೈಯಿಂದ ನವೆಂಬರಿನವರೆಗೆ ಮಾತ್ರ ಬಿಡುತ್ತಾರೆ, ಯಾಕೆಂದರೆ ಉಳಿದ ತಿಂಗಳು ಬಸಿರು ಬಾಣಂತನದ ಕಾಲ. ಬಿಲದ ಬಾಯಿಗೆ ಹೊರಗೆ ಮಾತ್ರ ತೆರೆಯುವ ಬಾಗಿಲು ಕೂರಿಸಿ, 21 ದಿನ ನೋಡಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಮುಚ್ಚುತ್ತಾರೆ. ಮೂಲಮನೆಯನ್ನೇ ಕೆಡವಬೇಕಾದರೆ ಮೊದಲು ಹತ್ತಿರದಲ್ಲಿ ಕೃತಕ ಬಿಲ ಕಟ್ಟಿಕೊಡಬೇಕು.

ನಾನು ಇದನ್ನು ಕೇಳಿ ಆ ಹಿರಿಯರಿಗೆ ಹೇಳಿದೆ: ನಮ್ಮೂರಿನಲ್ಲಿ ರಸ್ತೆ ಅಗಲ ಮಾಡುವಾಗ ಗುಡಿಸಲಿನವರಿಗೂ ಇಷ್ಟು ನೋಟೀಸು ಸಿಕ್ಕಿದ್ದಿಲ್ಲ. ಅವರು ನಕ್ಕರು. "ನಮ್ಮ ಕೇರಿಗಳನ್ನು ಕೆಡವಿದಾಗ ನಮಗೂ ಸಿಗಲಿಲ್ಲ" ಎಂದರು.

ಮನೆಯನ್ನು ತಡೆದವರು ಯಾರು?

ಈಗ ನಿಜವಾದ ಆಟ ನೋಡಿ. ಕಂಪನಿ ಹೊಸ ನಕ್ಷೆ ತಂದಿತು. 64 ಮನೆ 60 ಆಯಿತು. ಅದು ಸರಿ. ಆದರೆ ಕಡಮೆ ಬಾಡಿಗೆಯ 16 ಮನೆ 9 ಆಯಿತು! ಕೇಳಿದರೆ, ಬ್ಯಾಜರಿನಿಂದ ಖರ್ಚು ಹೆಚ್ಚಾಯಿತು, ಲಾಭ ಗಿಟ್ಟುವುದಿಲ್ಲ ಎಂದರು. ಕಡಮೆಯಾದ ನಾಲ್ಕು ಮನೆಯೂ ಬಡವರ ಪಾಲಿನಿಂದ, ಮೇಲೆ ಇನ್ನೂ ಮೂರು! ಬ್ಯಾಜರ್ ಏರಿಯಲ್ಲಿ ಮಲಗಿತ್ತು. ಅದರ ಹೆಸರಿನಲ್ಲಿ ಬಿಲ್ಲು ಹೋದದ್ದು ಮಾತ್ರ ಆ ಮೊಮ್ಮಗಳಿಗೆ.

ಇಲ್ಲಿ ಬೀದಿಯ ಜನ ಒಂದಾದರು. ಪ್ರಾಣಿಯ ಪಕ್ಷದವರೂ ಮನೆಯ ಪಕ್ಷದವರೂ ಒಂದೇ ಅರ್ಜಿಗೆ ಸಹಿ ಹಾಕಿದರು: ಬಿಲವೂ ಉಳಿಯಲಿ, ಬಾಡಿಗೆ ಮನೆಗಳೂ ಉಳಿಯಲಿ, ಕಡಮೆಯಾಗುವುದಿದ್ದರೆ ಲಾಭದಲ್ಲಿ ಕಡಮೆಯಾಗಲಿ. ತಿಂಗಳುಗಟ್ಟಲೆ ಜಗ್ಗಾಟವಾಗಿ 2022ರ ಡಿಸೆಂಬರಿನಲ್ಲಿ 60 ಮನೆಗೆ ಪರವಾನಗಿ ಆಯಿತು, ಬಾಡಿಗೆಯವು 14. 2023ರಲ್ಲಿ ಅಂಗಳದ ಸಣ್ಣ ಬಿಲವನ್ನು ಕ್ರಮವಾಗಿ ಮುಚ್ಚಿದ್ದೂ ಆಯಿತು.

2024ರ ಬೇಸಿಗೆಯಲ್ಲಿ ನಾನು ಮತ್ತೆ ಹೋದೆ. ಮನೆಗಳನ್ನು ನೋಡುವ ಆಸೆಯಿಂದ ಮೊದಲ ದಿನವೇ ಹಿಂದಿನ ಕಿಟಕಿ ತೆಗೆದೆ. ಅಂಗಳ ಹಾಗೇ ಖಾಲಿ. ಒಂದು ಮೂಲೆಯಲ್ಲಿ ನಾಲ್ಕು ಮಾರು ಪಾಯ ತೋಡಿದ್ದರು, ಅಷ್ಟೇ. ಮೂರು ವರ್ಷದೊಳಗೆ ಕೆಲಸ ಪ್ರಾರಂಭಿಸದಿದ್ದರೆ ಪರವಾನಗಿ ಸಾಯುತ್ತದೆ. ಅದನ್ನು ಜೀವಂತ ಇಡಲು ಅಷ್ಟು ಅಗೆದರೆ ಸಾಕು. ಉಳಿದದ್ದು ಬೆಲೆ ಏರಲಿ ಎಂಬ ಕಾಯುವಿಕೆ. ಆ ಹಿರಿಯರು ಹೇಳಿದರು: "ಬ್ಯಾಜರ್ ತನ್ನ ಜಾಗ ಬಿಟ್ಟುಕೊಟ್ಟು ವರ್ಷವಾಗುತ್ತ ಬಂತು. ಇನ್ನು ಯಾರ ಬಿಲ ಅಡ್ಡ ಬಂದಿದೆಯೋ ಕೇಳಬೇಕು."

ಇದು ಒಂದು ಬೀದಿಯ ಕಥೆಯಲ್ಲ. 2018ರಲ್ಲಿ ಆಲಿವರ್ ಲೆಟ್ವಿನ್ ಎಂಬ ಕನ್ಸರ್ವೇಟಿವ್ ಪಕ್ಷದ ಪಾರ್ಲಿಮೆಂಟ್ ಸದಸ್ಯರೇ ಸರಕಾರಕ್ಕೆ ವರದಿ ಕೊಟ್ಟರು: ದೊಡ್ಡ ಜಾಗಗಳಲ್ಲಿ ಬಿಲ್ಡರುಗಳು ಕಟ್ಟುವ ವೇಗವನ್ನು ನಿರ್ಧರಿಸುವುದು, ಬೆಲೆ ಇಳಿಯದಂತೆ ಎಷ್ಟು ಮನೆ ಮಾರಬಹುದು ಎಂಬ ಲೆಕ್ಕ. 2021ರಲ್ಲಿ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳ ಒಕ್ಕೂಟ ಹೇಳಿತು: ಹಿಂದಿನ ಹತ್ತು ವರ್ಷದಲ್ಲಿ ಪರವಾನಗಿ ಸಿಕ್ಕಿಯೂ ಇನ್ನೂ ಕಟ್ಟದ ಮನೆಗಳು 11 ಲಕ್ಷಕ್ಕೂ ಮೇಲೆ. ಹನ್ನೊಂದು ಲಕ್ಷ ಮನೆಗಳ ಮೇಲೆ ಬ್ಯಾಜರ್ ಕೂತಿದೆಯೆ?

ಆದರೂ ಬೈಗುಳ ತಿನ್ನುವುದು ಪ್ರಾಣಿಯೇ. 2024ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರಕಾರ 15 ಲಕ್ಷ ಮನೆ ಕಟ್ಟಿಸುತ್ತೇವೆಂದು ಮಾತು ಕೊಟ್ಟಿತು. ಒಳ್ಳೆಯ ಮಾತು, ಅಗತ್ಯದ ಮಾತು. ಆದರೆ 2025ರ ಜನವರಿಯಲ್ಲಿ ಅದರ ಹಣಕಾಸು ಮಂತ್ರಿ ರೇಚಲ್ ರೀವ್ಸ್, ಬಿಲ್ಡರುಗಳು ಬಾವಲಿ ಮತ್ತು ನೀರುಹಲ್ಲಿಗಳ ಚಿಂತೆ ಬಿಟ್ಟು ಕಟ್ಟುವುದರತ್ತ ಗಮನ ಕೊಡುವಂತಾಗಬೇಕೆಂದರು. ಅದೇ ವರ್ಷದ ಡಿಸೆಂಬರಿನಲ್ಲಿ ಹೊಸ ಕಾಯಿದೆಯೂ ಆಯಿತು. ಕೆಲವು ವಿಷಯಗಳಲ್ಲಿ ಬಿಲ್ಡರು ಒಂದು ನಿಧಿಗೆ ಹಣ ಕಟ್ಟಿದರೆ, ಪರಿಹಾರದ ಕೆಲಸವನ್ನು ಸರಕಾರಿ ಸಂಸ್ಥೆ ಬೇರೆ ಕಡೆ ಮಾಡಬಹುದು. ಇದರಲ್ಲಿ ಅನುಕೂಲವೂ ಇರಬಹುದು. ಆದರೆ ಅಟ್ಲೀಯವರ ಪಕ್ಷ ಬೈಯಬೇಕಾದದ್ದು ನೀರುಹಲ್ಲಿಯನ್ನೋ, ಪರವಾನಗಿ ಹಿಡಿದು ಬೆಲೆಗಾಗಿ ಕಾದು ಕೂತವನನ್ನೋ ಎಂಬುದನ್ನು ಅವರೇ ಯೋಚಿಸಬೇಕು.

ಕಾಯಿದೆ ಪರಿಶುದ್ಧವೆಂದು ನಾನು ಹೇಳುವುದಿಲ್ಲ. ಅದೇ ದೇಶದಲ್ಲಿ, ದನಗಳಿಗೆ ಕ್ಷಯ ಹರಡುತ್ತದೆಂದು 2013ರಿಂದ ಲೈಸೆನ್ಸು ಕೊಟ್ಟು 2 ಲಕ್ಷಕ್ಕೂ ಮೀರಿ ಬ್ಯಾಜರುಗಳನ್ನು ಕೊಂದರು. ಬಿಲ ಮುಟ್ಟಲು ಲೈಸೆನ್ಸು ಕೊಡುವ ಸಂಸ್ಥೆಯೇ ಅದಕ್ಕೂ ಲೈಸೆನ್ಸು ಕೊಟ್ಟಿತು. ಸರ್ವೆಗೆ ಮುಂಚೆ ರಾತ್ರೋರಾತ್ರಿ ಬಿಲ ಮುಚ್ಚಿಸುವವರೂ ಅಲ್ಲಿ ಇದ್ದಾರೆ. ಹಾಗಿದ್ದರೂ ಆ ಕಾಯಿದೆಯ ಒಂದು ತತ್ವ ದೊಡ್ಡದು: ಮೊದಲು ನೋಡು, ಆಮೇಲೆ ಮೊಹರು ಒತ್ತು.

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ. 1961ರಲ್ಲಿ ನಮ್ಮ ರಾಜ್ಯವೂ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯಿದೆಯನ್ನು ಅದೇ ಹೆಸರಿನಲ್ಲಿ ಮಾಡಿತು. ಅದರ ಕೆಳಗೆ ಕೂತು ನಾನು ಮೂವತ್ತು ವರ್ಷ ಮೊಹರು ಒತ್ತಿದೆ. ಒಂದು ಸಲ ಕೆರೆಯಂಗಳದ ಪಕ್ಕದ ಬಡಾವಣೆಯೊಂದರ ಕಡತ ಬಂತು. "ಸ್ಥಳ ಪರಿಶೀಲಿಸಲಾಗಿದೆ" ಎಂದು ಮೇಲಿನವರು ಬರೆದಿದ್ದರು. ಯಾರೂ ಹೋಗಿರಲಿಲ್ಲ, ನನಗೆ ಗೊತ್ತಿತ್ತು. ಸಂಜೆ ಸೈಕಲ್ಲಿನಲ್ಲಿ ಹೋಗಿ ನೋಡಿ ಬರಬಹುದಾಗಿತ್ತು, ಎರಡು ಮೈಲಿ. ಹೋಗಲಿಲ್ಲ. ಮೊಹರು ಒತ್ತಿದೆ. ಇವತ್ತು ಮಳೆಗಾಲ ಬಂದರೆ ಆ ಬಡಾವಣೆಯಲ್ಲಿ ನೀರು ಯಾರ ಮನೆಗೆ ನುಗ್ಗುತ್ತದೆ ಎಂದು ಈ ಕೋಣೆಯಲ್ಲಿರುವ ಕೆಲವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರ ಮುಖ ನೋಡಿ ಹೇಳುತ್ತಿದ್ದೇನೆ, ನನ್ನನ್ನು ಕ್ಷಮಿಸಿ.

ನೆಲವನ್ನು ನೋಡದೆ ಒತ್ತಿದ ಮೊಹರಿನ ಬೆಲೆಯನ್ನು ಕೊನೆಗೆ ಕೊಡುವವರು ಬಡವರು. ಆ ಲ್ಯಾಂಕಶೈರಿನ ಮುದುಕರು ತಮ್ಮ ಮನೆಗೇ ನಷ್ಟವಾದೀತೆಂದು ತಿಳಿದೂ ಎದ್ದು ನಿಂತು ನೋಡಿದ್ದನ್ನು ನೋಡಿದೆ ಎಂದರು. ಸಂಬಳ ತೆಗೆದುಕೊಂಡು ಅದೇ ಕೆಲಸಕ್ಕೆ ಕೂತಿದ್ದ ನನ್ನಿಂದ ಅದಾಗಲಿಲ್ಲ. ನಿಮ್ಮ ಬೀದಿಯ ಪಕ್ಕ ನಾಳೆ ಯಾರಾದರೂ ಕಲ್ಲು ನೆಟ್ಟರೆ, ನಗರಸಭೆಗೆ ಹೋಗಿ ಕಡತ ಕೇಳಿ. ಸ್ಥಳ ನೋಡಿದವರು ಯಾರು, ಯಾವ ತಿಂಗಳಲ್ಲಿ ನೋಡಿದರು, ಬೇಲಿಯಾಚೆ ನೋಡಿದರೋ ಇಲ್ಲವೋ ಎಂದು ಕೇಳಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಕಡತ ಓದಲು ಬರುವವರು ಬೇಕಾದರೆ ನನ್ನನ್ನು ಕರೆಯಿರಿ. ಈ ಸಲ ಸೈಕಲ್ಲಿನಲ್ಲಿ ಬರುತ್ತೇನೆ.

ಮಗಳು ಹೋದ ತಿಂಗಳು ಫೋನಿನಲ್ಲಿ ಹೇಳಿದಳು: ಮಿಲ್ ಅಂಗಳದಲ್ಲಿ ಕಡೆಗೂ ಗೋಡೆ ಏಳುತ್ತಿದೆಯಂತೆ. ಏರಿಯ ಕಡೆಯ ಹಸಿರು ಪಟ್ಟಿಯಲ್ಲಿ ಕಾಲುದಾರಿ ಸವೆದಿದೆಯಂತೆ. ಮೊಮ್ಮಗಳ ಹೆಸರು ಪಟ್ಟಿಯಲ್ಲಿ ಮುಂದೆ ಬಂದಿದೆ; ಮನೆ ಇನ್ನೂ ಕೈಗೆ ಬಂದಿಲ್ಲ.